ಗುಂಗುರು ಕೂದಲು ಕಾಯಿಲೆಯಲ್ಲ

ಕಳೆದ ಶ್ರಾವಣದಲ್ಲಿ ಸಿರುಗುಪ್ಪದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮಾತುಕತೆ ಚೆನ್ನಾಗಿಯೇ ನಡೆಯಿತು, ಒಪ್ಪಿಗೆಯೂ ಆಯಿತು. ಹೊರಡುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹುಡುಗನ ಸೋದರತ್ತೆ, "ಕೂದ್ಲಿಗೆ ಒಂದು ಟ್ರೀಟ್‌ಮೆಂಟ್ ಕೊಡಿಸ್ರಮ್ಮ, ಫೋಟೋದಾಗ ಚೆಂದ ಕಾಣ್ತಾಳ" ಅಂದರು. ಬೈಗುಳವಲ್ಲ, ಕೊಂಕೂ ಅಲ್ಲ, ಅಕ್ಕರೆಯಿಂದಲೇ ಆಡಿದ ಮಾತು. ಅಕ್ಕ "ಕೊಡಿಸ್ತೀವ್ರಿ" ಅಂದಳು. ಒಳಮನೆಯ ಬಾಗಿಲಿಗೆ ಒರಗಿದ್ದ ಹುಡುಗಿ ಜಡೆಯ ತುದಿಯನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೆರಳು ಬಿಡಿಸಿಕೊಂಡ ಮೇಲೂ ಕೂದಲು ಸುತ್ತಿಕೊಂಡೇ ಇತ್ತು. ಅವಳ ಕೂದಲಿನ ಗುಣವೇ ಅದು. ನಮ್ಮಮ್ಮನದೂ ಹಾಗೆಯೇ ಇತ್ತು, ನನ್ನದೂ ಹಾಗೆಯೇ.

ಅಂದಿನಿಂದ ಆ ಒಂದು ಪದ ನನ್ನನ್ನು ಕೊರೆಯುತ್ತಿದೆ. ಟ್ರೀಟ್‌ಮೆಂಟ್ ಅಂದರೆ ಚಿಕಿತ್ಸೆ. ಜ್ವರಕ್ಕೆ ಚಿಕಿತ್ಸೆ ಇದೆ, ಹುಣ್ಣಿಗೆ ಚಿಕಿತ್ಸೆ ಇದೆ. ಹತ್ತೊಂಬತ್ತು ವರ್ಷದ, ಆರೋಗ್ಯವಾಗಿರುವ ಹುಡುಗಿಯ ತಲೆಯ ಮೇಲೆ ದಟ್ಟವಾಗಿ ಬೆಳೆದ ಕೂದಲಿಗೆ ಯಾವ ರೋಗ ಬಂದಿದೆ ಎಂದು ಚಿಕಿತ್ಸೆ? ಬಳ್ಳಾರಿಯ ಗಾಂಧಿನಗರದಿಂದ ಕುರುಗೋಡಿನ ಬಸ್ ನಿಲ್ದಾಣದವರೆಗೆ ಪಾರ್ಲರುಗಳ ಫಲಕಗಳಲ್ಲಿ ಸ್ಮೂದನಿಂಗ್, ಕೆರಾಟಿನ್, ಬೊಟಾಕ್ಸ್ ಎಂದು ಬರೆದಿರುವುದನ್ನು ನೋಡುತ್ತೇನೆ. ಮದುವೆಯ ಖರ್ಚಿನ ಪಟ್ಟಿಯಲ್ಲಿ ಸೀರೆ, ಬಳೆ, ಕಾಲುಂಗುರದ ಜೊತೆಗೆ ಇದೂ ಸೇರಿಬಿಟ್ಟಿದೆ. ನೆಟ್ಟಗಿನ ಕೂದಲು ನೀಟು, ಗುಂಗುರು ಕೂದಲು ಕೆದರಿದ್ದು, ಅದನ್ನು ಸರಿಪಡಿಸಬೇಕು ಎನ್ನುವುದು ನಮ್ಮೂರುಗಳಲ್ಲಿ ಚರ್ಚೆಗೇ ಬರದಷ್ಟು ಒಪ್ಪಿತವಾದ ಅಭಿಪ್ರಾಯ. ಈ ಅಭಿಪ್ರಾಯ ತಪ್ಪು. ಹೆಣ್ಣುಮಕ್ಕಳ ದೇಹಕ್ಕೆ ಅಪಾಯ, ಮನಸ್ಸಿಗೆ ಅವಮಾನ. ನಾನು ಆರು ವರ್ಷ ಇದನ್ನು ನಂಬಿ, ದುಡ್ಡು ಕೊಟ್ಟು, ತಲೆ ಒಪ್ಪಿಸಿ ಕೂತವಳು. ಆ ಅನುಭವದಿಂದಲೇ ಹೇಳುತ್ತಿದ್ದೇನೆ.

2016ರಲ್ಲಿ ನನ್ನ ಮದುವೆಗೆ ಮೂರು ವಾರ ಮುಂಚೆ ಬಳ್ಳಾರಿಯ ಒಂದು ಪಾರ್ಲರಿನಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತಿದ್ದೆ. ಮೊದಲು ತಲೆ ತೊಳೆದರು. ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಬಿಳಿ ಕ್ರೀಮು ಸವರಿದರು. ಕೊಳೆತ ಮೊಟ್ಟೆಯ ವಾಸನೆಗೆ ಅಮೋನಿಯದ ಘಾಟು ಬೆರೆತಂಥ ನಾತ. ನಡುನಡುವೆ ಒಂದೆಳೆ ಹಿಡಿದು ಎಳೆದು ನೋಡುತ್ತಿದ್ದರು. ರಬ್ಬರಿನ ಹಾಗೆ ಹಿಗ್ಗಿದರೆ 'ಆಯಿತು' ಎಂದರ್ಥ. ಆಮೇಲೆ ತೊಳೆದು, ಒಣಗಿಸಿ, ಕಾದ ಇಸ್ತ್ರಿಯ ಎರಡು ಹಲ್ಲುಗಳ ನಡುವೆ ಒಂದೊಂದೇ ಪಟ್ಟಿಯನ್ನು ಎಳೆದು, ಇನ್ನೊಂದು ದ್ರಾವಣ ಹಾಕಿ ಮುಗಿಸಿದರು. ಮೂರು ದಿನ ತಲೆಗೆ ನೀರು ಹಾಕಬೇಡಿ, ಕ್ಲಿಪ್ ಹಾಕಬೇಡಿ, ಕಿವಿಯ ಹಿಂದೆ ಕೂದಲು ಸಿಕ್ಕಿಸಲೂ ಬೇಡಿ ಎಂದು ಹೇಳಿ ಕಳಿಸಿದರು. ಆರು ಸಾವಿರ ಕೊಟ್ಟು ಬಂದೆ. ಎಲ್ಲರೂ ಹೊಗಳಿದರು. ನಾಲ್ಕು ತಿಂಗಳಿಗೆ ಬುಡದಲ್ಲಿ ಗುಂಗುರು ಎದ್ದಿತು. ಮತ್ತೆ ಹೋದೆ. ಹೀಗೆ 2022ರವರೆಗೆ.

ಆ ಆರು ಗಂಟೆಗಳಲ್ಲಿ ತಲೆಯ ಮೇಲೆ ಏನಾಗುತ್ತದೆ ಎಂದು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಗಂಧಕದ ಕೊಂಡಿಗಳು. ಕೂದಲು ನೆಟ್ಟಗಿರಬೇಕೋ ಸುರುಳಿಯಾಗಬೇಕೋ ಎಂಬುದು ಚರ್ಮದೊಳಗಿನ ಅದರ ಬುಡದ ಆಕಾರದಲ್ಲೇ ತೀರ್ಮಾನವಾಗಿರುತ್ತದೆ, ಈ ಕೊಂಡಿಗಳು ಆ ರೂಪವನ್ನು ಕಾಯ್ದುಕೊಳ್ಳುತ್ತವೆ. ಸ್ಮೂದನಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೋಲೇಟ್ ಈ ಕೊಂಡಿಗಳನ್ನು ಕಡಿಯುತ್ತದೆ. ಇಸ್ತ್ರಿ ಎಳೆಗಳನ್ನು ಚಪ್ಪಟೆಯಾಗಿ ಕೂರಿಸುತ್ತದೆ. ಕೊನೆಗೆ ಹಾಕುವ ಹೈಡ್ರೋಜನ್ ಪೆರಾಕ್ಸೈಡು ಹೊಸ ಜಾಗದಲ್ಲಿ ಕೊಂಡಿ ಬೆಸೆಯುತ್ತದೆ. ಬೆಸೆದದ್ದು ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ನೆತ್ತಿಯ ಹೊರಗಿರುವ ಕೂದಲಿಗೆ ಜೀವವಿಲ್ಲ, ಆದ್ದರಿಂದ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಯಾವ ಎಣ್ಣೆಯೂ ಯಾವ ಸೀರಂ ಕೂಡ ಅದನ್ನು ಹಿಂದಿನ ಸ್ಥಿತಿಗೆ ತರಲಾರದು.

ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರು ಜೀನ್ಸ್ ಹೊಲಿಯುವ ಊರು. ಹೊಸ ಜೀನ್ಸಿಗೆ ಮಾಸಲು ನೋಟ ಬರಲೆಂದು ವಾಷಿಂಗ್ ಘಟಕಗಳಲ್ಲಿ ಬ್ಲೀಚು ಹಾಕುವುದು, ಪರ್ಮ್ಯಾಂಗನೇಟು ಸಿಂಪಡಿಸುವುದು ನಮಗೆ ಗೊತ್ತು. ಹಾಗೆ ಮಾಡಿದ ಬಟ್ಟೆ ಮಂಡಿಯ ಹತ್ತಿರ ಮೊದಲು ಹರಿಯುತ್ತದೆ ಎಂಬುದು ಹೊಲಿಯುವವರಿಗೂ ಗೊತ್ತು, ತೊಡುವವರಿಗೂ ಗೊತ್ತು. ಬಟ್ಟೆಯ ವಿಷಯದಲ್ಲಿ ಇರುವ ಈ ತಿಳಿವಳಿಕೆ ಮಗಳ ತಲೆಯ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

"ಅದು ಸ್ಮೂದನಿಂಗ್, ಈಗ ಬಂದಿರೋದು ಕೆರಾಟಿನ್, ಅದು ಪ್ರೋಟೀನ್ ಅಷ್ಟೇ" ಎನ್ನುವ ಮಾತನ್ನು ಬಹಳ ಜನ ಹೇಳುತ್ತಾರೆ. ಹೆಸರು ಕೇಳಿದರೆ ಕೂದಲಿಗೆ ಊಟ ಹಾಕಿದ ಹಾಗಿದೆ. ಇಂಥ ಹಲವು ಉತ್ಪನ್ನಗಳಲ್ಲಿ ಕೆಲಸ ಮಾಡುವುದು ಫಾರ್ಮಾಲ್ಡಿಹೈಡ್, ಇಲ್ಲವೇ ಬಿಸಿ ತಾಗಿದಾಗ ಅದನ್ನು ಬಿಡುವ ರಾಸಾಯನಿಕ. ನೀರಿನಲ್ಲಿ ಕರಗಿಸಿದರೆ ಅದೇ ಫಾರ್ಮಾಲಿನ್. ವೈದ್ಯಕೀಯ ಕಾಲೇಜುಗಳಲ್ಲಿ ಶವ ಕೆಡದಂತೆ ಇಡಲು ಬಳಸುವ ದ್ರಾವಣ ಅದು. 230 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದ ಇಸ್ತ್ರಿಯನ್ನು ಇಂಥ ಕೂದಲ ಮೇಲೆ ಎಳೆದಾಗ ಏಳುವ ಹೊಗೆಯಿಂದ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಸುಮ್ಮನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಪಾರ್ಲರ್ ಕೆಲಸಗಾರರಿಗಾಗಿಯೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಫಾರ್ಮಾಲಿನ್ ಇಲ್ಲ ಎಂದು ಬರೆದ ಬಾಟಲಿಗಳೂ ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಗ್ಲೈಆಕ್ಸಿಲಿಕ್ ಆಮ್ಲ ಹಾಕುತ್ತಾರೆ. 2024ರ ಮಾರ್ಚಿನಲ್ಲಿ ಫ್ರಾನ್ಸಿನ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 26 ವರ್ಷದ ಒಬ್ಬ ಯುವತಿಯ ಪ್ರಕರಣವನ್ನು ವಿವರಿಸಿದರು. ಕೂದಲು ನೆಟ್ಟಗೆ ಮಾಡಿಸಿಕೊಂಡ ಮೂರು ಸಲವೂ ಆಕೆಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆಮ್ಲ ನೆತ್ತಿಯ ಚರ್ಮದ ಮೂಲಕ ಒಳಗೆ ಹೋಗಿ, ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ ಎಂಬುದನ್ನು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅಮೆರಿಕದಲ್ಲಿ 33,497 ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದು 2022ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಕೂದಲು ನೆಟ್ಟಗೆ ಮಾಡುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64, ಪದೇ ಪದೇ ಬಳಸುವವರಲ್ಲಿ ಶೇ 4.05 ಎಂದು ಅದರ ಲೆಕ್ಕ. ಇದರಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ, ಎರಡಕ್ಕೂ ನಂಟಿದೆ ಎಂದಷ್ಟೇ ಹೇಳಿದೆ. ನಾನೂ ಅಷ್ಟೇ ಹೇಳುತ್ತೇನೆ. ಆದರೆ ಒಂದು ಮದುವೆಯ ಆಲ್ಬಮ್ಮಿಗಾಗಿ ಈ ನಂಟನ್ನು ನಮ್ಮ ಹುಡುಗಿಯರ ಮೇಲೆ ಪರೀಕ್ಷಿಸಿ ನೋಡಬೇಕೆ?

"ನಾವೆಲ್ಲ ಮಾಡಿಸ್ಕೊಂಡೀವಿ, ನಮಗೇನೂ ಆಗಿಲ್ಲ" ಎನ್ನುವವರಿಗೆ ಒಂದು ಮಾತು. ನೀವು ವರ್ಷಕ್ಕೆ ಎರಡೋ ಮೂರೋ ಸಲ ಆ ಕುರ್ಚಿಯಲ್ಲಿ ಕೂತು ಎದ್ದು ಬರುತ್ತೀರಿ. ಆ ಕುರ್ಚಿಯ ಹಿಂದೆ ನಿಂತ ಹುಡುಗಿ ದಿನವೂ ಅಲ್ಲೇ ಇರುತ್ತಾಳೆ. ಏಪ್ರಿಲ್ ಬಿಸಿಲಿಗೆ ಬಳ್ಳಾರಿ ಕಾದ ಹಂಚಾಗಿರುತ್ತದೆ. ಏಸಿ ಹಾಕಿ ಬಾಗಿಲು ಕಿಟಕಿ ಮುಚ್ಚಿದ ಹತ್ತಡಿಯ ಕೋಣೆಯಲ್ಲಿ ಅವಳು ಆ ಹೊಗೆಯನ್ನೇ ಉಸಿರಾಡುತ್ತಾಳೆ. ನನ್ನ ತಲೆಗೆ ಕ್ರೀಮು ಹಚ್ಚಿದ ಹುಡುಗಿ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೈಗವಸು ಹರಿದಿತ್ತು. ಬೆರಳ ಸಂದಿಯ ಚರ್ಮ ಸುಲಿದು ಕೆಂಪಗಾಗಿತ್ತು. "ಉರೀತೈತಾ?" ಅಂದೆ. "ರೂಢಿ ಆಗೈತಕ್ಕ" ಅಂದಳು. ಅಂದು ಎದ್ದು ಬರಬೇಕಿತ್ತು. ಬರಲಿಲ್ಲ. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೊಟ್ಟೆಪಾಡಿಗೆ ದುಡಿಯುವವರು. ಹೂ ಮುಡಿಸುವುದರಲ್ಲಿ, ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವರಿಗಿರುವ ಕೈಚಳಕ ದೊಡ್ಡದು. ಆ ಕೆಲಸಕ್ಕೆ ನಾವು ದುಡ್ಡು ಕೊಡೋಣ. ಯಾವ ಬಾಟಲಿಯಿಂದ ಏನು ಸುರಿದರು ಎಂದು ತಿಳಿಯದ ಬಟ್ಟಲಿಗೆ ಕೊಡುವುದು ಬೇಡ. ಸೌಂದರ್ಯವರ್ಧಕಗಳ ಮೇಲೆ ಅದರಲ್ಲಿ ಏನೇನಿದೆ ಎಂದು ಮುದ್ರಿಸಬೇಕೆಂದು ಕಾನೂನು ಹೇಳುತ್ತದೆ. ಪಾರ್ಲರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬ್ರಷ್ಷು ಮತ್ತು ಬಟ್ಟಲು ಮಾತ್ರ.

ನೆಟ್ಟಗಿನ ಕೂದಲೇ ಚೆಲುವು ಎಂಬ ನಂಬಿಕೆ ನಮ್ಮದಲ್ಲ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಮುಂಗುರುಳು ಎಂಬ ಪದವನ್ನೇ ನೋಡಿ. ಹಣೆಯ ಮೇಲೆ ಸುರುಳಿಯಾಗಿ ಬೀಳುವ ಕೂದಲಿಗೆ ಇಷ್ಟು ಮುದ್ದಾದ ಹೆಸರಿಟ್ಟ ಭಾಷೆ ನಮ್ಮದು. ಕ್ರಿ.ಶ. 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಂತ 58 ಅಡಿಯ ಗೊಮ್ಮಟನ ತಲೆಯ ಮೇಲೆ ಶಿಲ್ಪಿ ಸಣ್ಣ ಸಣ್ಣ ಗುಂಗುರುಗಳನ್ನು ಒಂದೊಂದಾಗಿ ಬಿಡಿಸಿದ್ದಾನೆ. ಅಷ್ಟು ದೂರವೂ ಬೇಡ. ನಮ್ಮ ಜಿಲ್ಲೆಗೆ ಆತುಕೊಂಡಿರುವ ಅನಂತಪುರದ ಸೀಮೆಯ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರ ಫೋಟೋ ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಇದೆ. ತಲೆಯ ಸುತ್ತ ಪ್ರಭಾವಳಿಯಂತೆ ಹರಡಿದ ಆ ಗುಂಗುರು ಕೂದಲಿಗೆ ದಿನಾ ಊದುಬತ್ತಿ ಬೆಳಗಿ, ಅದೇ ಮನೆಯಲ್ಲಿ ಮಗಳ ಗುಂಗುರನ್ನು 'ಕಾಗೆ ಗೂಡು' ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಂಡಸಿನ ತಲೆಯ ಮೇಲಿದ್ದಾಗ ತೇಜಸ್ಸು, ಹೆಣ್ಣಿನ ತಲೆಯ ಮೇಲಿದ್ದಾಗ ಅಶಿಸ್ತು. ಈ ಅನ್ಯಾಯಕ್ಕೆ ಯಾವ ಶಾಸ್ತ್ರದ ಆಧಾರವಿದೆ?

ನೆಟ್ಟಗಿನ ಕೂದಲೇ ಚೆಲುವು ಎಂಬ ಈ ನಂಬಿಕೆಯ ಮೂಲ ಬೇರೆ ಕಡೆ ಇದೆ. ಕೂದಲು ನೆಟ್ಟಗೆ ಮಾಡುವ ಕ್ರೀಮು ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಜನಾಂಗದ ಸಂಶೋಧಕ ಹೊಲಿಗೆ ಯಂತ್ರದ ಸೂಜಿ ಕಾದು ಉಣ್ಣೆ ಬಟ್ಟೆ ಸುಡದಂತೆ ಒಂದು ದ್ರವ ತಯಾರಿಸಲು ಹೊರಟಾಗ, ಅದು ಬಟ್ಟೆಯ ನವಿರು ಎಳೆಗಳನ್ನು ನೆಟ್ಟಗೆ ಮಾಡಿದ್ದನ್ನು ಕಂಡ ಎಂದು ಹೇಳುತ್ತಾರೆ. ಮುಂದೆ ಅದನ್ನೇ ಕೂದಲಿಗೆ ಮಾರಿದ. ಆಮೇಲೆ ಬಂದ ರಿಲ್ಯಾಕ್ಸರುಗಳಲ್ಲಿ ಸಾಬೂನಿಗೆ ಹಾಕುವ ಕಾಸ್ಟಿಕ್ ಸೋಡಾವನ್ನೇ ಬಳಸಿದರು. ಬಿಳಿಯರ ಕಚೇರಿ, ಶಾಲೆಗಳಲ್ಲಿ ಜಾಗ ಸಿಗಬೇಕಾದರೆ ಬಿಳಿಯರ ಕೂದಲಿನಂತೆ ಕಾಣಬೇಕಿತ್ತು. ನೆತ್ತಿ ಸುಟ್ಟುಕೊಂಡೇ ಲಕ್ಷಾಂತರ ಕಪ್ಪು ಹೆಂಗಸರು ಅದನ್ನು ಹಚ್ಚಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಅದನ್ನು ಬಿಟ್ಟು ಹುಟ್ಟುಗೂದಲಿಗೆ ಮರಳುವುದನ್ನು ಒಂದು ಚಳವಳಿಯಾಗಿಸಿದರು. 2019ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ, ಹುಟ್ಟುಗೂದಲಿನ ಕಾರಣಕ್ಕೆ ಕೆಲಸದಲ್ಲಾಗಲಿ ಶಾಲೆಯಲ್ಲಾಗಲಿ ಭೇದ ಮಾಡಬಾರದೆಂದು ಕಾನೂನನ್ನೇ ತಂದಿತು. ಅವರು ನೂರು ವರ್ಷ ನೋವು ತಿಂದು ಕಳಚಿಟ್ಟ ನೊಗಕ್ಕೆ ನಾವು ಈಗ ದುಡ್ಡು ಕೊಟ್ಟು ಹೆಗಲು ಕೊಡುತ್ತಿದ್ದೇವೆ. ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಆಫ್ರಿಕ ಮೂಲದ ಸಿದ್ದಿಗಳು ತಲೆತಲಾಂತರದಿಂದ ಕನ್ನಡಿಗರಾಗಿ ಬಾಳುತ್ತಿದ್ದಾರೆ. ಬಿಗಿಯಾದ ಸುರುಳಿಯ ಕೂದಲಿನ ಕನ್ನಡದ ಹೆಣ್ಣುಮಗಳು ಅಲ್ಲಿದ್ದಾಳೆ. ಕನ್ನಡ ಹೆಣ್ಣಿನ ಕೂದಲು ಹೀಗೇ ಇರಬೇಕು ಎಂದು ಅಳತೆ ಹಾಕಿಕೊಟ್ಟವರು ಯಾರು?

ಅವರವರ ಇಷ್ಟ, ನಿಮಗೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಇಷ್ಟಪಟ್ಟು ಮಾಡಿಸಿಕೊಳ್ಳುವವರೂ ಇರಬಹುದು. ಆದರೆ ಸಿರುಗುಪ್ಪದ ಆ ಮನೆಯಲ್ಲಿ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಹುಡುಗನ ಸೋದರತ್ತೆ, ಒಪ್ಪಿದ್ದು ಅಮ್ಮ. ನನ್ನ ಮದುವೆಯಲ್ಲೂ ನಾನೇ ಹೂಂ ಅಂದೆ, ನಿಜ. ಐದನೇ ಕ್ಲಾಸಿನಿಂದ 'ಪೊರಕೆ' ಎಂದು ಕರೆಸಿಕೊಂಡವಳು ಇನ್ನೇನು ಹೇಳುತ್ತಾಳೆ?

ಈಗ ಹುಟ್ಟುಗೂದಲಿಗೆ ಮರಳುವ ಮಾತು. ಮಾಡಿಸಿಕೊಂಡವರಲ್ಲಿ ಎಷ್ಟೋ ಜನಕ್ಕೆ ಬಿಡುವ ಆಸೆ ಇದೆ. ಬಿಡದಿರುವುದಕ್ಕೆ ಕಾರಣ, ನಡುವಿನ ಕಾಲ ಅಸಹ್ಯವಾಗಿ ಕಾಣುತ್ತದೆ ಎಂಬ ಭಯ. ಬುಡ ಎದ್ದ ಕೂಡಲೇ ಪಾರ್ಲರಿನವರೂ ಮನೆಯವರೂ ಸೇರಿ ಅದನ್ನೇ ಹೇಳುತ್ತಾರೆ. ಆ ಕಾಲ ಕಷ್ಟದ್ದೇ. ತಲೆಗೂದಲು ತಿಂಗಳಿಗೆ ಹೆಚ್ಚೂಕಡಿಮೆ ಅರ್ಧ ಇಂಚು, ವರ್ಷಕ್ಕೆ ಆರು ಇಂಚು ಬೆಳೆಯುತ್ತದೆ. ಪಾರ್ಲರಿಗೆ ಹೋಗುವುದನ್ನು ಬಿಟ್ಟು ಒಂದು ವರ್ಷವಾದಾಗ ನನ್ನ ತಲೆಯ ಮೇಲೆ ಎರಡು ಬಗೆಯ ಕೂದಲಿತ್ತು. ಮೇಲೆ ಆರು ಇಂಚು ಸ್ಪ್ರಿಂಗಿನಂತೆ ಪುಟಿಯುವ ಸ್ವಂತದ್ದು, ಕೆಳಗೆ ಒಣಗಿದ ಜೋಳದ ರವದಿಯಂತೆ ಜೋತಾಡುವ ಹಳೆಯದು. ಎರಡೂ ಸೇರುವ ಗೆರೆಯನ್ನು ಬೆರಳಿನಿಂದಲೇ ಮುಟ್ಟಿ ಗುರುತಿಸಬಹುದಿತ್ತು. ಗಂಟು ಬೀಳುವುದೂ ಅಲ್ಲೇ, ಹರಿಯುವುದೂ ಅಲ್ಲೇ. ಒಣಗೂದಲಿಗೆ ಹಣಿಗೆ ಹಾಕಿದ ದಿನ ಸಣ್ಣಗೆ ಚಿಟ್ ಚಿಟ್ ಎಂದು ಮುರಿಯುವ ಸದ್ದು ಕೇಳುತ್ತಿತ್ತು.

ದಾರಿ ಕಂಡುಕೊಂಡದ್ದು ನಿಧಾನವಾಗಿ. ಒಣಗೂದಲಿಗೆ ಹಣಿಗೆ ಹಾಕುವುದನ್ನು ಬಿಟ್ಟೆ. ತಲೆ ಒದ್ದೆಯಿರುವಾಗಲೇ ಕಂಡೀಷನರ್ ಸವರಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬಂದೆ. ಬೋರಿನ ಗಡಸು ನೀರಿಗೆ ಕೂದಲು ಇನ್ನಷ್ಟು ಒರಟಾಗುತ್ತಿತ್ತು. ಅಲ್ಲೀಪುರ ಕೆರೆಯ ನಲ್ಲಿ ನೀರು ಬಿಟ್ಟ ದಿನ ಎರಡು ಬಕೆಟ್ ತಲೆಗೆಂದೇ ಹಿಡಿದಿಟ್ಟೆ. ಇಸ್ತ್ರಿ, ಡ್ರೈಯರು ಮುಟ್ಟಲಿಲ್ಲ. ಎರಡು ತಿಂಗಳಿಗೊಮ್ಮೆ ತುದಿಯಿಂದ ಎರಡು ಬೆರಳು ಕತ್ತರಿಸಿದೆ. ದಿನಾ ಸಡಿಲ ಜಡೆ. ಜಡೆಯಲ್ಲಿ ಎರಡೂ ಕೂದಲು ಬೆರೆತು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

2024ರ ಬೇಸಿಗೆಯಲ್ಲಿ ಕುರುಗೋಡಿಗೆ ಅಜ್ಜಿಯನ್ನು ನೋಡಲು ಹೋದೆ. ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬಂದು ಪಡಸಾಲೆಯಲ್ಲಿ ಕೂತಾಗ ಅಜ್ಜಿ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚತೊಡಗಿದಳು. ಅವಳ ಕಣ್ಣು ಮಂಜಾಗಿದೆ, ಕೈಯಿಂದಲೇ ನೋಡುತ್ತಾಳೆ. ಬೆರಳು ಆ ಗೆರೆಯ ಹತ್ತಿರ ಬಂದು ನಿಂತವು. "ಇಲ್ಲೀಗಂಟ ನಿಂದು. ಇದು ಯಾರ್ದವ್ವ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಕತ್ತರಿ ತಂದು ಅವಳ ಕೈಗೇ ಕೊಟ್ಟೆ. ಅವಳಿಗೆ ಕೈ ನಡುಗುತ್ತದೆ ಎಂದು ಚಿಕ್ಕಮ್ಮ ಇಸಿದುಕೊಂಡು, ಆ ಗೆರೆಯ ಉದ್ದಕ್ಕೂ ಕತ್ತರಿಸಿದಳು. ಉಳಿದ ಕೂದಲು ಒದ್ದೆಯಾದಾಗ ಭುಜ ಮುಟ್ಟುತ್ತಿತ್ತು, ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಕಿವಿಯ ಹತ್ತಿರ ಬಂದು ಕೂತಿತು.

ಹೆಣ್ಣು ಕೂದಲು ಕತ್ತರಿಸುವುದು ಅಪಶಕುನ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿಧವೆಯರ ತಲೆ ಬೋಳಿಸಿದ ಕಾಲದ ಕಹಿ ನೆನಪು ಆ ಮಾತಿನ ಹಿಂದಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇದೇ ಬಳ್ಳಾರಿಯಲ್ಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಹೆಂಗಸರು ಬೋಳು ತಲೆಗೆ ಗಂಧ ಹಚ್ಚಿಕೊಂಡು ಸಂತೆಗೆ ಬರುತ್ತಾರೆ, ಆಫೀಸಿಗೆ ಹೋಗುತ್ತಾರೆ. ಯಾರೂ ನಗುವುದಿಲ್ಲ. ಕೈಮುಗಿದು ಪ್ರಸಾದ ಕೇಳುತ್ತಾರೆ. ಕೂದಲು ತೆಗೆದು ಹೊಸದಾಗಿ ಬೆಳೆಸಿಕೊಳ್ಳುವುದನ್ನು ಗೌರವದಿಂದ ಕಾಣುವ ಕಣ್ಣು ನಮಗೆ ಇದೆ. ತನ್ನ ದೇಹದ ಆರೋಗ್ಯಕ್ಕಾಗಿ ಒಬ್ಬಳು ಹಾಗೆ ಮಾಡಿದಾಗಲೂ ಅದೇ ಕಣ್ಣಿನಿಂದ ನೋಡಬಾರದೇ?

ಇನ್ನೊಂದು ಸಂಗತಿ. ತಿರುಪತಿಯ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ. ಪಕ್ಕದ ಕೊಪ್ಪಳದ ಭಾಗ್ಯನಗರ ಕೂದಲಿನ ವ್ಯಾಪಾರಕ್ಕೇ ಹೆಸರಾದ ಊರು. ಹಣಿಗೆಯಲ್ಲಿ ಉದುರಿದ ಕೂದಲನ್ನೂ ಆರಿಸಿ ತಂದು, ಬಿಡಿಸಿ, ಹದ ಮಾಡಿ ಮಾರುತ್ತಾರೆ. ಆ ಮಾರುಕಟ್ಟೆಯಲ್ಲಿ ರಾಸಾಯನಿಕ ಸೋಕದ ಕೂದಲಿಗೆ ಬೆಲೆ ಹೆಚ್ಚು. ಕೂದಲು ಕೊಳ್ಳುವ ವ್ಯಾಪಾರಿಗೆ ಗೊತ್ತಿರುವ ಬೆಲೆ ಹೆತ್ತ ತಾಯಿಗೆ ಗೊತ್ತಿಲ್ಲದೆ ಹೋದರೆ ಹೇಗೆ?

ಅಕ್ಕನ ಮಗಳ ಮದುವೆ ಮಾಘಕ್ಕೆ ಗೊತ್ತಾಗಿದೆ. ದೀಪಾವಳಿಗೆ ಹೋದಾಗ ಅಕ್ಕನೊಂದಿಗೆ ಇದೆಲ್ಲವನ್ನೂ ಕೂತು ಮಾತಾಡಿದೆ. ಹುಡುಗಿ ತಾನಾಗಿಯೇ ಹುಡುಗನಿಗೆ ಫೋನ್ ಮಾಡಿ, "ನನ್ನ ಕೂದ್ಲು ಹಿಂಗೇ ಇರ್ತಾವ, ಪರವಾಗಿಲ್ಲೇನು?" ಎಂದು ಕೇಳಿದಳಂತೆ. ಅವನು, "ನಾನು ನೋಡಿ ಒಪ್ಪಿದ್ದು ಅದನ್ನೇ ಅಲ್ವಾ" ಅಂದನಂತೆ. ಅಕ್ಕ ಪಾರ್ಲರಿಗೆ ಕೊಟ್ಟಿದ್ದ ಮುಂಗಡದ ದುಡ್ಡನ್ನು ಮೊಗ್ಗಿನ ಜಡೆಗೆ ಹೊಂದಿಸಿಕೊಂಡಿದ್ದಾಳೆ. ನಿಮ್ಮ ಮನೆಯಲ್ಲೂ ಮದುವೆ ಗೊತ್ತಾದ ಹುಡುಗಿ ಇದ್ದರೆ, ಪಾರ್ಲರಿಗೆ ದುಡ್ಡು ಕಟ್ಟುವ ಮುಂಚೆ ಒಂದು ಸಂಜೆ ಅವಳನ್ನು ಮುಂದೆ ಕೂರಿಸಿಕೊಂಡು ನಿಮ್ಮ ಕೈಯಾರೆ ಎಣ್ಣೆ ಹಚ್ಚಿ, ನಿನಗೆ ಏನು ಬೇಕು ಎಂದು ಕೇಳಿ.